ಪ್ರಾಗ್‌ಗೆ ಒಂದೇ ದಿನ, ಜೊತೆಗೆ ಮಂಡಿನೋವು

ಪ್ರಶ್ನೆ: ಮೇ ತಿಂಗಳಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿರುವ ಮಗನ ಮನೆಗೆ ಹೊರಟಿದ್ದೇವೆ. ಅಲ್ಲಿಂದ ನಾವಿಬ್ಬರೇ ಒಂದು ದಿನ ಪಕ್ಕದ ಚೆಕ್ ದೇಶದ ಪ್ರಾಗ್ ನೋಡಿಕೊಂಡು ಬರೋಣ ಅಂತ ಆಸೆ. ನನಗೆ 58, ಯಜಮಾನರಿಗೆ 63, ಅವರಿಗೆ ಮಂಡಿನೋವು. ಮಾಂಸ ತಿನ್ನುವುದಿಲ್ಲ. ಏನು ನೋಡಬೇಕು, ಏನು ಬಿಡಬೇಕು?
— ಓದುಗರೊಬ್ಬರು, ಹಾಸನ

ಉತ್ತರ: ರೈಲು ಇಳಿದವರೆಲ್ಲ ಮೊದಲು ಗಡಿಯಾರದ ಚೌಕಕ್ಕೆ ಓಡುತ್ತಾರೆ. ಆಮೇಲೆ ಸೇತುವೆ, ಕೊನೆಗೆ ಕೋಟೆ. ನಾವೂ ಹಾಗೇ ಮಾಡಿದೆವು. ಮಧ್ಯಾಹ್ನ ಮೂರು ಗಂಟೆಗೆ ಕೋಟೆಯ ಮೆಟ್ಟಿಲ ಬುಡದಲ್ಲಿ ನಿಂತು ನಮ್ಮನೆಯವರು "ನೀನು ಹೋಗಿ ಬಾ, ನಾನು ಇಲ್ಲೇ ಇರ್ತೀನಿ" ಅಂದರು. ಅವರಿಗೂ ಮಂಡಿನೋವೇ. ಬಿಟ್ಟು ಹೋಗಲು ಮನಸ್ಸಾಗಲಿಲ್ಲ, ಹೋಗದಿರಲೂ ಆಗಲಿಲ್ಲ. ನೀವು ಉಲ್ಟಾ ಮಾಡಿ, ಕೋಟೆಯಿಂದಲೇ ಶುರು ಮಾಡಿ.

ಮುಖ್ಯ ರೈಲು ನಿಲ್ದಾಣದಿಂದ ಕೆಂಪು ಲೈನಿನ ಮೆಟ್ರೋದಲ್ಲಿ ಎರಡೇ ಸ್ಟಾಪು, ಐ. ಪಿ. ಪಾವ್ಲೋವಾ. ಮೇಲೆ ಬಂದರೆ 22ನೇ ನಂಬರಿನ ಟ್ರಾಮ್ ಸಿಗುತ್ತದೆ. ಅದು ಗುಡ್ಡ ಹತ್ತಿ 'ಪ್ರಾಶ್‌ಸ್ಕಿ ಹ್ರಾಡ್' ಅನ್ನುವ ಸ್ಟಾಪಿನಲ್ಲಿ ಇಳಿಸುತ್ತದೆ. ಅಲ್ಲಿಂದ ಕೋಟೆಗೆ ಸ್ವಲ್ಪವೇ ನಡಿಗೆ. 24 ಗಂಟೆಯ ಟಿಕೆಟ್ ಕೊಂಡುಬಿಡಿ. ಕಾಗದದ ಟಿಕೆಟ್ ಆದರೆ ಕೊಂಡರಷ್ಟೇ ಸಾಲದು, ಮೊದಲ ಸಲ ಹತ್ತುವಾಗ ಹಳದಿ ಡಬ್ಬಿಯಲ್ಲಿ ತೂರಿಸಿ ಸೀಲ್ ಬೀಳಿಸಬೇಕು. ಇಲ್ಲದಿದ್ದರೆ ದಂಡ.

ಕೋಟೆಯೊಳಗೆ ಎಲ್ಲ ನೋಡಲು ಹೋಗಬೇಡಿ. ಸೇಂಟ್ ವಿಟಸ್ ಚರ್ಚ್ ಸಾಕು. 1344ರಲ್ಲಿ ಕಟ್ಟಲು ಶುರು ಮಾಡಿದ್ದು 1929ರಲ್ಲಿ ಮುಗಿಯಿತಂತೆ. ಅದನ್ನು ಕೇಳಿ ನಮ್ಮ ಬೀದಿಯ ಒಳಚರಂಡಿ ಕೆಲಸದ ಮೇಲಿದ್ದ ಸಿಟ್ಟು ನನಗೆ ಅರ್ಧ ಇಳಿಯಿತು.

ಮಂಡಿನೋವಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಅಲ್ವಾ? ಅದಕ್ಕೇ ವಾಪಸ್ಸೂ 22ರಲ್ಲೇ ಬಂದು ಕೆಳಗಿನ ಮಾಲಾ ಸ್ಟ್ರಾನಾದ ಚೌಕದಲ್ಲಿ ಇಳಿಯಿರಿ. ಚಾರ್ಲ್ಸ್ ಸೇತುವೆ ಹತ್ತಿರದಲ್ಲೇ ಇದೆ. 1357ರಲ್ಲಿ ನಾಲ್ಕನೇ ಚಾರ್ಲ್ಸ್ ದೊರೆ ಕಟ್ಟಿಸಲು ಶುರು ಮಾಡಿದ ಸೇತುವೆ ಇದು. ಉದ್ದ ಅರ್ಧ ಕಿಲೋಮೀಟರಿಗೆ ಚೂರು ಜಾಸ್ತಿ, ಎರಡೂ ಕಡೆ ಸೇರಿ 30 ವಿಗ್ರಹ. 1393ರಲ್ಲಿ ಆಗಿನ ರಾಜನ ಅಪ್ಪಣೆಯಂತೆ ಇಲ್ಲಿಂದಲೇ ನದಿಗೆ ಎಸೆದ ನೆಪೊಮುಕ್‌ನ ಪಾದ್ರಿ ಜಾನ್‌ನ ವಿಗ್ರಹವೂ ಅದರಲ್ಲಿದೆ. ಅದರ ಕೆಳಗಿನ ಫಲಕವನ್ನು ಜನ ಮುಟ್ಟಿ ಮುಟ್ಟಿ, ಕೈ ತಾಗಿದ ಜಾಗ ಮಾತ್ರ ಚಿನ್ನದ ಹಾಗೆ ಹೊಳೆಯುತ್ತದೆ. ಇನ್ನೊಂದು ಫಲಕದಲ್ಲಿರುವ ನಾಯಿಯನ್ನೂ ಬಿಟ್ಟಿಲ್ಲ. ಸುಮ್ನೆ ಯಾಕೆ ಅಂತ ನಾನೂ ಮುಟ್ಟಿ ಬಂದೆ.

ಸೇತುವೆ ದಾಟಿದರೆ ಹಳೇ ಪೇಟೆ, ಅಲ್ಲಿ ಆ ಗಡಿಯಾರ. 1410ರದ್ದು. ಗಂಟೆಗೊಮ್ಮೆ ಪಕ್ಕದ ಅಸ್ಥಿಪಂಜರ ಹಗ್ಗ ಎಳೆಯುತ್ತದೆ, ಮೇಲಿನ ಎರಡು ಕಿಟಕಿಗಳಲ್ಲಿ ಯೇಸುವಿನ 12 ಶಿಷ್ಯರು ಹಾದು ಹೋಗುತ್ತಾರೆ, ಕೋಳಿ ಕೂಗುತ್ತದೆ, ಮುಗಿಯಿತು. ಒಂದು ನಿಮಿಷವೂ ಹಿಡಿಯುವುದಿಲ್ಲ. "ಅಷ್ಟೇನಾ?" ಅಂತ ಜನ ಚದುರುತ್ತಾರೆ. ನೀವು ಚದುರಬೇಡಿ. ಆಮೇಲೇ ಮುಂದೆ ಹೋಗಿ ನಿಂತು ಮುಳ್ಳುಗಳನ್ನು ನೋಡಿ. ಹೊರಗಿನ ಕಪ್ಪು ಬಳೆಯ ಮೇಲಿರುವ ಅಂಕಿಗಳು ಹಳೇ ಚೆಕ್ ಕಾಲ ತೋರಿಸುತ್ತವೆ. ನಾವು ಸೂರ್ಯೋದಯದಿಂದ ಗಳಿಗೆ ಎಣಿಸಿದರೆ ಅವರು ಸೂರ್ಯಾಸ್ತದಿಂದ ಗಂಟೆ ಎಣಿಸುತ್ತಿದ್ದರು. ಒಳಗೆ ಇನ್ನೊಂದು ಬಳೆಯಲ್ಲಿ ಮೇಷ, ವೃಷಭದಿಂದ ಮೀನದವರೆಗೆ 12 ರಾಶಿ. ಅರ್ಧ ಕಪ್ಪು, ಅರ್ಧ ಬೆಳ್ಳಿಯ ಪುಟ್ಟ ಗುಂಡು ತಿರುಗುತ್ತಾ ಚಂದ್ರನ ವೃದ್ಧಿ ಕ್ಷಯ ತೋರಿಸುತ್ತದೆ.

ನಮ್ಮನೆಯವರು ಬೆಳಿಗ್ಗೆ ಪಂಚಾಂಗ ನೋಡದೆ ಕಾಫಿ ಕುಡಿಯುವವರಲ್ಲ. ನಾವು ಹೋದದ್ದು ಮೇ ಮೊದಲ ವಾರ. ಪಂಚಾಂಗದ ಪ್ರಕಾರ ಸೂರ್ಯ ಇನ್ನೂ ಮೇಷದಲ್ಲಿ, ಗಡಿಯಾರದಲ್ಲಿ ಆಗಲೇ ವೃಷಭ. "ಇವರದ್ದು ತಪ್ಪು" ಅಂದರು. ಇವರದ್ದು ಸಾಯನ, ಅಂದರೆ ಋತುಗಳನ್ನು ಹಿಡಿದು ರಾಶಿ ಎಣಿಸುವ ಪದ್ಧತಿ, ನಮ್ಮದು ನಕ್ಷತ್ರಗಳನ್ನು ಹಿಡಿದು ಎಣಿಸುವ ನಿರಯನ, ಅದಕ್ಕೇ ಸುಮಾರು 24 ದಿನ ವ್ಯತ್ಯಾಸ ಅಂತ ಆಮೇಲೆ ಅವರಿಗೇ ಹೊಳೆಯಿತು. ಅರ್ಧ ಗಂಟೆ ಕತ್ತೆತ್ತಿ ನಿಂತಿದ್ದರು. ಮಂಡಿಯ ಸುದ್ದಿಯೇ ಇಲ್ಲ.

ಯಹೂದಿಗಳ ಹಳೇ ಸ್ಮಶಾನ, ಪೆಟ್ರ್ಶಿನ್ ಗುಡ್ಡದ ಗೋಪುರ ಎಲ್ಲ ಈ ಸಲಕ್ಕೆ ಬಿಡಿ.

ಊಟಕ್ಕೆ ಕರಿದ ಚೀಸ್ ಸಿಗುತ್ತದೆ, ಹೆಸರು 'ಸ್ಮಾಜೆನಿ ಸೀರ್'. ಬ್ರಾಂಬೊರಾಕ್ ಅನ್ನುವುದು ಬೆಳ್ಳುಳ್ಳಿ ಹಾಕಿದ ಆಲೂಗಡ್ಡೆ ದೋಸೆ. 'ಬೆಜ್ ಮಾಸಾ' ಅಂದರೆ ಮಾಂಸ ಇಲ್ಲದ್ದು ಅಂತ. ಆದರೆ ಎರಡರಲ್ಲೂ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಅದೂ ಆಗದಿದ್ದರೆ ಮಗನ ಮನೆಯಿಂದಲೇ ಚಪಾತಿ, ಚಟ್ನಿಪುಡಿ ಕಟ್ಟಿಕೊಳ್ಳಿ. ನಾವು ನದಿ ದಂಡೆಯ ಬೆಂಚಿನ ಮೇಲೆ ಕೂತು ಅದನ್ನೇ ತಿಂದೆವು.

ಇನ್ನು ದುಡ್ಡು. ಅಲ್ಲಿ ನಡೆಯುವುದು ಕೊರುನಾ, ಯೂರೋ ಅಲ್ಲ. ಕಾರ್ಡಿದ್ದರೆ ಕಾರ್ಡೇ ವಾಸಿ. 'ಕಮಿಷನ್ ಇಲ್ಲ' ಅನ್ನುವ ಬೋರ್ಡು ನಂಬಿ ಒಂದು ಅಂಗಡಿಯಲ್ಲಿ 50 ಯೂರೋ ಬದಲಾಯಿಸಿದೆವು. ಕಮಿಷನ್ ಇರಲಿಲ್ಲ ನಿಜ, ರೇಟೇ ಅನ್ಯಾಯದ್ದು. ಹೀಗಾದರೆ ಚೀಟಿ ತೋರಿಸಿ ಮೂರು ಗಂಟೆಯೊಳಗೆ ದುಡ್ಡು ವಾಪಸ್ ಕೇಳಬಹುದು, 2019ರಿಂದ ಅಲ್ಲಿ ಕಾನೂನೇ ಇದೆ. ಮಗಳು ನಮಗೆ ಇದನ್ನು ಹೇಳಿದ್ದು ರಾತ್ರಿ ಡ್ರೆಸ್ಡೆನ್‌ನಲ್ಲಿ ರೈಲು ಇಳಿದ ಮೇಲೆ. ಆ ಚೀಟಿ ಈಗಲೂ ನಮ್ಮನೆಯವರ ಪರ್ಸಿನಲ್ಲಿದೆ.