ಮಗನ ಫುಟಿ ಕ್ಲಬ್ ಶುರುವಾಗಿದ್ದು 1926ರಲ್ಲಾ, 1984ರಲ್ಲಾ?

ಮೆಲ್ಬರ್ನಿನಲ್ಲಿ ಮಗ ಆಡುವ ಮಕ್ಕಳ ಫುಟಿ (ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್) ಕ್ಲಬ್ಬಿನ ಜೆರ್ಸಿ ಮೇಲೆ 1926, ಸರ್ಕಾರಿ ನೋಂದಣಿಯಲ್ಲಿ 1984 ಅಂತಿದೆ ಅಂದಿರಿ. 1984 ಬಹುಶಃ ಸಂಘವಾಗಿ ಹೆಸರು ನೋಂದಾಯಿಸಿದ ವರ್ಷ ಅಷ್ಟೇ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಸಂಘಗಳ ನೋಂದಣಿಯ ಆ ಕಾಯ್ದೆ ಬಂದಿದ್ದೇ 1981ರಲ್ಲಿ, ಹಳೇ ಕ್ಲಬ್‌ಗಳು ಆಮೇಲೆ ಬರೆಸಿಕೊಂಡವು. ಆದರೆ 1926 ಕೂಡ ಮಕ್ಕಳ ತಂಡದ್ದೇ ಅಂತ ಈಗಲೇ ನಂಬಬೇಡಿ. ದೊಡ್ಡವರ ಕ್ಲಬ್ಬಿನ ವರ್ಷವನ್ನೇ ಹಾಕಿಕೊಂಡಿರಬಹುದು.

ಮೊದಲು ಆಸ್ಟ್ರೇಲಿಯಾ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ತಾಣಕ್ಕೆ ಹೋಗಿ. ಹಳೇ ಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ವಿಕ್ಟೋರಿಯಾ, 1920ರ ದಶಕ ಅಂತ ಆರಿಸಿ, ಬಡಾವಣೆಯ ಹೆಸರಿನ ಜೊತೆ ಫುಟ್‌ಬಾಲ್ ಕ್ಲಬ್ ಅಂತ ಹುಡುಕಿ. ಮಾರ್ಚ್, ಏಪ್ರಿಲ್ ಸಂಚಿಕೆಗಳನ್ನು ಬಿಡಬೇಡಿ, ಸೀಸನ್‌ಗೆ ಮುಂಚಿನ ಸಭೆಗಳ ಸುದ್ದಿ ಅಲ್ಲೇ ಇರುತ್ತದೆ. ಸ್ಕ್ಯಾನಿನಲ್ಲಿ ಅಕ್ಷರ ತಪ್ಪಾಗಿ ಓದಿಕೊಂಡಿರುವುದು ಜಾಸ್ತಿ, ಹಾಗಾಗಿ ಹೆಸರನ್ನು ಎರಡು ಮೂರು ರೀತಿ ಬರೆದು ನೋಡಿ. ಇನ್ನೊಂದು ಮಾತು: ಆಗ ಜೂನಿಯರ್ ಅಂದರೆ ಎಷ್ಟೋ ಸಲ ಕೆಳ ದರ್ಜೆಯ ದೊಡ್ಡವರ ತಂಡ! ವಯಸ್ಸಿನ ಮಿತಿ ಬರೆದಿದ್ದರೆ ಮಾತ್ರ ಮಕ್ಕಳದ್ದು ಅಂತ ತಿಳಿಯಿರಿ.

1942ರಿಂದ 1944ರವರೆಗೆ ಏನೂ ಸಿಗದಿದ್ದರೆ ಗಾಬರಿ ಬೇಡ. ಯುದ್ಧದಿಂದ ಎಷ್ಟೋ ಲೀಗ್‌ಗಳು ನಿಂತಿದ್ದವು.

ಟ್ರೋವ್‌ನಲ್ಲಿ ಹೆಚ್ಚಿನ ಪತ್ರಿಕೆಗಳು 1954ರ ಸುಮಾರಿಗೆ ಮುಗಿಯುತ್ತವೆ. ಅಲ್ಲಿಂದಾಚೆಗೆ ಬಡಾವಣೆಯ ಇತಿಹಾಸ ಸಂಘವನ್ನು ಕೇಳಿ. ಕ್ಲಬ್ಬಿನ ಕಾರ್ಯದರ್ಶಿಗೂ ಒಂದು ಇಮೇಲ್ ಹಾಕಿ, ಹಳೇ ವಾರ್ಷಿಕ ವರದಿಗಳು ಯಾರ ಮನೆಯಲ್ಲಿವೆ ಅಂತ ವಿಚಾರಿಸಿ.