ಸತ್ಯಂ ಹಗರಣ: 5,040 ಕೋಟಿಯನ್ನು ತಿಂದವರು ಯಾರು?

ಪ್ರಶ್ನೆ: ಸರ್, ನಾನು ಬಿ.ಕಾಂ. ಕೊನೆಯ ವರ್ಷದ ವಿದ್ಯಾರ್ಥಿನಿ. ಆಡಿಟಿಂಗ್ ಪಾಠದಲ್ಲಿ ಸತ್ಯಂ ಹಗರಣ ಬಂತು. ಬ್ಯಾಂಕಿನಲ್ಲಿದೆ ಅಂತ ತೋರಿಸಿದ್ದರಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲವಂತೆ. ಅಷ್ಟು ದುಡ್ಡು ಮಾಯವಾದರೆ ತಿಂದವರು ಯಾರು? ಆಡಿಟರ್ ಬ್ಯಾಂಕಿಗೆ ಒಂದು ಪತ್ರ ಬರೆದು ಕೇಳಿದ್ದರೆ ಗೊತ್ತಾಗುತ್ತಿರಲಿಲ್ವಾ?

ಉತ್ತರ: ಮಾಯವಾಗಬೇಕಾದರೆ ಮೊದಲು ಇರಬೇಕಲ್ಲ! ಆ ದುಡ್ಡು ಯಾವತ್ತೂ ಇರಲಿಲ್ಲ. ಈ ಹಗರಣದ ಬಗ್ಗೆ ಮಾತಾಡುವ ಬಹಳ ಜನ ಇಲ್ಲೇ ಎಡವುತ್ತಾರೆ.

2009ರ ಜನವರಿ 7ರಂದು ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ ಸರ್ವೀಸಸ್‌ನ ಅಧ್ಯಕ್ಷ ಬಿ. ರಾಮಲಿಂಗ ರಾಜು ತಮ್ಮ ನಿರ್ದೇಶಕ ಮಂಡಳಿಗೆ ಪತ್ರ ಬರೆದು ತಪ್ಪೊಪ್ಪಿಕೊಂಡರು. ಹುಲಿ ಮೇಲೆ ಸವಾರಿ ಹೊರಟಂತಾಗಿತ್ತು, ಇಳಿಯುವುದು ಹೇಗಂತ ತಿಳಿಯಲಿಲ್ಲ ಅನ್ನುವ ಮಾತು ಆ ಪತ್ರದ್ದೇ. ಎಲ್ಲರಿಗೂ ನೆನಪಿರುವುದು ಆ ಹುಲಿ ಮಾತ್ರ. ನನ್ನ ಕೇಳಿದರೆ, ಹುಲಿ ಬಿಟ್ಟು ಪತ್ರದಲ್ಲಿರುವ ಅಂಕಿಗಳನ್ನು ಓದಿ. 2008ರ ಜುಲೈ–ಸೆಪ್ಟೆಂಬರ್ ತ್ರೈಮಾಸಿಕಕ್ಕೆ ಕಂಪನಿ ತೋರಿಸಿದ ಆದಾಯ 2,700 ಕೋಟಿ, ನಿಜವಾದದ್ದು 2,112 ಕೋಟಿ. ವ್ಯವಹಾರದ ಲಾಭ ಅಂತ ತೋರಿಸಿದ್ದು 649 ಕೋಟಿ, ನಿಜವಾದದ್ದು ಬರೀ 61 ಕೋಟಿ. ಒಂದು ಪೆನ್ನು ತಗೊಂಡು ಎರಡನ್ನೂ ಕಳೆದು ನೋಡಿ. ಎರಡು ಕಡೆಯೂ 588 ಕೋಟಿ ಬರುತ್ತದೆ. ಅದೇ ಮೂರು ತಿಂಗಳಲ್ಲಿ ಬ್ಯಾಂಕ್ ಬ್ಯಾಲೆನ್ಸಿಗೆ ಸೇರಿದ ಸುಳ್ಳು ಮೊತ್ತವೂ 588 ಕೋಟಿ ಅಂತ ಪತ್ರವೇ ಹೇಳುತ್ತದೆ.

ಮೂರು ಕಡೆ ಒಂದೇ ಅಂಕಿ ಬಂದದ್ದು ಕಾಕತಾಳೀಯ ಅಲ್ಲ. ನಿಜವಾದ ಕೆಲಸಕ್ಕೆ ಸಂಬಳ, ಬಾಡಿಗೆ, ಪ್ರಯಾಣ ಅಂತ ಖರ್ಚಿರುತ್ತದೆ. ಮಾಡದ ಕೆಲಸಕ್ಕೆ ಬರೆದ ಸುಳ್ಳು ಬಿಲ್ಲಿಗೆ ಏನು ಖರ್ಚು? ಹಾಗಾಗಿ ಬಿಲ್ಲಿನ ಪೂರ್ತಿ ಮೊತ್ತ ಲಾಭವಾಗಿಬಿಡುತ್ತದೆ. ಆದರೆ ಲಾಭ ಬರೆದ ಮೇಲೆ ಬ್ಯಾಲೆನ್ಸ್ ಶೀಟಿನಲ್ಲಿ, ಅಂದರೆ ಕಂಪನಿಯ ಆಸ್ತಿ-ಸಾಲಗಳ ಪಟ್ಟಿಯಲ್ಲಿ, ಅದಕ್ಕೊಂದು ಜಾಗ ಬೇಕು. ಮೊದಲು ಗಿರಾಕಿಯಿಂದ ಬರಬೇಕಾದ ಬಾಕಿ ಅಂತ ಕೂರಿಸಬಹುದು. ಬಾಕಿ ಹಳೆಯದಾದಷ್ಟೂ ಪ್ರಶ್ನೆಗಳು ಜಾಸ್ತಿ: ಯಾಕೆ ವಸೂಲಾಗಿಲ್ಲ, ಗಿರಾಕಿ ಕೊಡುವುದಿಲ್ಲ ಅಂದನಾ, ನಷ್ಟ ಅಂತ ಬರೆದುಬಿಡೋಣವಾ? ಈ ಕಿರಿಕಿರಿ ತಪ್ಪಿಸಲು ಬಾಕಿ ವಸೂಲಾಯಿತು ಅಂತ ಬರೆಯುತ್ತಾರೆ, ಮೊತ್ತ ಬ್ಯಾಂಕಿನ ಸಾಲಿಗೆ ಜಿಗಿಯುತ್ತದೆ. ಅಲ್ಲಿಂದ ಮುಂದೆ ಓಡಲು ದಾರಿಯಿಲ್ಲ. ಇನ್ನೇನಿದ್ದರೂ ಬ್ಯಾಂಕ್ ಸ್ಟೇಟ್‌ಮೆಂಟ್, ಎಫ್‌ಡಿ ರಸೀದಿ ಎಲ್ಲವನ್ನೂ ನಕಲಿ ಮಾಡಬೇಕು. ಮಾಡಿದರು. ಸಿಬಿಐ ತನಿಖೆಯಲ್ಲಿ ಸಿಕ್ಕಿದ ಸುಳ್ಳು ಇನ್‌ವಾಯ್ಸ್‌ಗಳೇ ಏಳು ಸಾವಿರಕ್ಕೂ ಹೆಚ್ಚು. ಆಮೇಲೆ ಇಲ್ಲದ ಠೇವಣಿಗೆ ಬಡ್ಡಿ ಬರಬೇಕಲ್ಲ, ಅದನ್ನೂ ಬರೆದರು: 376 ಕೋಟಿ.

ಈಗ ಆಡಿಟರ್ ವಿಷಯ. ನಿಮ್ಮ ಪಾಠದಲ್ಲಿ ಬ್ಯಾಂಕ್ ಕನ್‌ಫರ್ಮೇಷನ್ ಅಂತ ಓದಿರುತ್ತೀರಿ. ಆಡಿಟರ್ ತಾನೇ ಬ್ಯಾಂಕಿಗೆ ಬರೆಯಬೇಕು, ಉತ್ತರ ನೇರವಾಗಿ ಅವನ ಕೈಗೇ ಬರಬೇಕು. ನಡುವೆ ಕಂಪನಿಯವರ ಕೈ ತಗುಲಬಾರದು. ಸತ್ಯಂನ ಆಡಿಟ್ ಮಾಡುತ್ತಿದ್ದದ್ದು ಪ್ರೈಸ್ ವಾಟರ್‌ಹೌಸ್. ಪತ್ರ ಕಳಿಸುವುದು, ಉತ್ತರ ತರುವುದು ಎರಡನ್ನೂ ಅವರು ಕಂಪನಿಗೇ ಬಿಟ್ಟುಕೊಟ್ಟಿದ್ದರು ಅಂತ ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ 2011ರಲ್ಲಿ ಹೇಳಿತು. ಅಂದರೆ ನೀವು ಕೇಳಿದ ಪತ್ರ ಹೋಗಬೇಕಾದ ಹಾಗೆ ಹೋಗಲೇ ಇಲ್ಲ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುವ ಪ್ರಶ್ನೆ ಇದು, ನೋಡಿ.

ನಮ್ಮಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡಿ. 2003ರ ಡಿಸೆಂಬರಿನಲ್ಲಿ ಇಟಲಿಯ ಹಾಲಿನ ಕಂಪನಿ ಪಾರ್ಮಲಾತ್ ಬಿದ್ದದ್ದು ಬ್ಯಾಂಕ್ ಆಫ್ ಅಮೆರಿಕದ ಹೆಸರಿನಲ್ಲಿದ್ದ ಒಂದು ನಕಲಿ ಕಾಗದದಿಂದ. ಖಾತೆಯಲ್ಲಿ ಸುಮಾರು 395 ಕೋಟಿ ಯೂರೋ ಇದೆ ಅಂತ ಅದರಲ್ಲಿತ್ತು, ಅಂಥ ಖಾತೆಯೇ ನಮ್ಮಲ್ಲಿಲ್ಲ ಅಂತ ಬ್ಯಾಂಕ್ ಹೇಳಿತು. 2020ರಲ್ಲಿ ಜರ್ಮನಿಯ ಪಾವತಿ ಸೇವೆಯ ಕಂಪನಿ ವೈರ್‌ಕಾರ್ಡ್, 190 ಕೋಟಿ ಯೂರೋ, ಫಿಲಿಪ್ಪೀನ್ಸ್ ಬ್ಯಾಂಕುಗಳ ಹೆಸರು. ಅದೇ ಕಥೆ.

ಇನ್ನು ತಿಂದವರು ಯಾರು? ಬ್ಯಾಂಕಿನಲ್ಲಿ ಇಲ್ಲದ ದುಡ್ಡನ್ನು ಯಾರೂ ತಿನ್ನಲಾಗದು, ನಿಜ. ಆದರೆ ಆ ಸುಳ್ಳು ಅಂಕಿ ನಂಬಿ ಜನ ಷೇರಿಗೆ ಕೊಟ್ಟ ದುಡ್ಡು ನಿಜವಾದದ್ದು. ಏರಿದ ಬೆಲೆಗೆ ಷೇರು ಮಾರಿದವರಿಗೆ ಸಿಕ್ಕಿದ್ದು ನಿಜವಾದ ದುಡ್ಡು, ಷೇರು ಅಡ ಇಟ್ಟು ತಂದ ಸಾಲವೂ ನಿಜವಾದದ್ದೇ. ಪತ್ರ ಹೊರಬಂದ ದಿನ ಸುಮಾರು 179 ರೂಪಾಯಿ ಇದ್ದ ಷೇರು 40ರ ಆಸುಪಾಸಿಗೆ ಕುಸಿಯಿತು. ಆ ಹೊಡೆತ ಬಿದ್ದದ್ದು ಅವತ್ತು ಷೇರು ಇಟ್ಟುಕೊಂಡಿದ್ದವರ ಮೇಲೆ. ತಾನು ಒಂದು ರೂಪಾಯಿಯನ್ನೂ ತೆಗೆದುಕೊಂಡಿಲ್ಲ ಅಂತ ರಾಜು ಪತ್ರದಲ್ಲಿ ಬರೆದಿದ್ದರು. ನಮ್ಮ ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿ ಒಪ್ಪಲಿಲ್ಲ. ಅಕ್ರಮವಾಗಿ ಗಳಿಸಿದ 1,849 ಕೋಟಿಯನ್ನು ಬಡ್ಡಿ ಸಮೇತ ಕಟ್ಟಿ ಅಂತ 2014ರಲ್ಲಿ ರಾಜು ಮತ್ತು ಇತರರಿಗೆ ಆದೇಶ ಮಾಡಿತು. ಅದರ ಮೇಲೆ ಮೇಲ್ಮನವಿಗಳೂ ನಡೆದವು.

ಪ್ರಶ್ನೆ: ಲಾಭ ನೋಡಬೇಡಿ, ಕ್ಯಾಶ್ ಫ್ಲೋ (ನಗದು ಬಂದು ಹೋದ ಲೆಕ್ಕ) ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ನೋಡಿದ್ದರೆ ಸತ್ಯಂ ಷೇರಿನಿಂದ ತಪ್ಪಿಸಿಕೊಳ್ಳಬಹುದಿತ್ತೇ?

ಉತ್ತರ: ಇಲ್ಲ. ಈ ಸಲಹೆ ಕೆಟ್ಟದ್ದಲ್ಲ, ಆದರೆ ಇದನ್ನು ತಾಯತದ ಹಾಗೆ ಕಟ್ಟಿಕೊಂಡು ಓಡಾಡುವವರು ಜಾಸ್ತಿ. ಬ್ಯಾಂಕ್ ಬ್ಯಾಲೆನ್ಸೇ ಸುಳ್ಳಾದರೆ ಕ್ಯಾಶ್ ಫ್ಲೋ ಕೂಡ ಅಂದವಾಗಿಯೇ ಕಾಣುತ್ತದೆ. ಅಮೆರಿಕದ ದೂರಸಂಪರ್ಕ ಕಂಪನಿ ವರ್ಲ್ಡ್‌ಕಾಮ್ ಇನ್ನೊಂದು ದಾರಿ ಹಿಡಿದಿತ್ತು. ಬೇರೆ ಕಂಪನಿಗಳ ಲೈನ್ ಬಳಸಿದ್ದಕ್ಕೆ ಕೊಡುತ್ತಿದ್ದ ದುಡ್ಡನ್ನು ಖರ್ಚು ಅನ್ನುವ ಬದಲು ಆಸ್ತಿ ಅಂತ ಬರೆದುಕೊಂಡಿತು. ಆಗ ಅದು ಹೂಡಿಕೆಯ ಲೆಕ್ಕಕ್ಕೆ ಹೋಗಿ, ದಿನನಿತ್ಯದ ವ್ಯವಹಾರದ ಕ್ಯಾಶ್ ಫ್ಲೋ ಚೆನ್ನಾಗಿಯೇ ಕಂಡಿತು. 2002ರಲ್ಲಿ ಅದನ್ನು ಹಿಡಿದದ್ದು ಕಂಪನಿಯದೇ ಒಳ ಆಡಿಟ್ ತಂಡ.

ಸತ್ಯಂನಲ್ಲಿ ಹೊರಗಿನವರಿಗೆ ಕಾಣುವಂತಿದ್ದ ಸುಳಿವು ಬೇರೆ. 2008ರ ಡಿಸೆಂಬರ್ 16ರಂದು ಕಂಪನಿ ಸುಮಾರು 160 ಕೋಟಿ ಡಾಲರ್ ಕೊಟ್ಟು ಮೇಟಾಸ್ ಇನ್‌ಫ್ರಾ, ಮೇಟಾಸ್ ಪ್ರಾಪರ್ಟೀಸ್ ಕೊಳ್ಳುತ್ತೇವೆ ಅಂತ ಘೋಷಿಸಿತು. ಎರಡೂ ರಾಜು ಕುಟುಂಬದ್ದೇ ಕಂಪನಿಗಳು. ಸಾಫ್ಟ್‌ವೇರ್ ಮಾಡುವವರಿಗೆ ಕಟ್ಟಡ, ಜಮೀನಿನ ವ್ಯವಹಾರ ಯಾಕೆ? ಷೇರುದಾರರು ರೇಗಿದರು, ಕೆಲವೇ ಗಂಟೆಗಳಲ್ಲಿ ಖರೀದಿ ರದ್ದಾಯಿತು. ಇದು ಸುಳ್ಳು ಆಸ್ತಿಯ ಜಾಗದಲ್ಲಿ ನಿಜವಾದ ಆಸ್ತಿ ತಂದು ತುಂಬುವ ಕೊನೆಯ ಪ್ರಯತ್ನ ಅಂತ ರಾಜು ಪತ್ರದಲ್ಲೇ ಇದೆ. ಖರೀದಿ ನಡೆದಿದ್ದರೆ ಲೆಕ್ಕದಲ್ಲಿ ಆ ಇಲ್ಲದ ನಗದು ಖರ್ಚಾಗಿ ಅದರ ಜಾಗದಲ್ಲಿ ಜಮೀನು ಕೂತಿರುತ್ತಿತ್ತು. ಎಂಥಾ ತಲೆ!

ಆದ್ದರಿಂದ ನಾನು ಮೊದಲು ನೋಡುವುದು ಪ್ರೊಮೋಟರ್, ಅಂದರೆ ಕಂಪನಿ ಕಟ್ಟಿ ಹಿಡಿತದಲ್ಲಿಟ್ಟುಕೊಂಡವರ, ಕುಟುಂಬದ ಇತರ ಕಂಪನಿಗಳ ಜೊತೆ ಏನೇನು ವ್ಯವಹಾರ ನಡೆದಿದೆ ಅನ್ನುವುದನ್ನು. ವಾರ್ಷಿಕ ವರದಿಯ ಹಿಂಭಾಗದಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಆಮೇಲೆ ಅಡ ಇಟ್ಟ ಷೇರು. ರಾಜು ಕುಟುಂಬದ ಷೇರುಗಳನ್ನು ಸಾಲ ಕೊಟ್ಟವರೇ ಮಾರಿಕೊಂಡರು. ಅಡ ಇಟ್ಟದ್ದನ್ನು ಬಹಿರಂಗಪಡಿಸಲೇಬೇಕು ಅಂತ ಸೆಬಿ ನಿಯಮ ತಂದದ್ದು ಈ ಹಗರಣದ ಬೆನ್ನಿಗೇ, 2009ರಲ್ಲಿ. ಈಗ ಸ್ಟಾಕ್ ಎಕ್ಸ್‌ಚೇಂಜ್ ವೆಬ್‌ಸೈಟಿನಲ್ಲಿ ಸುಮ್ನೆ ಎರಡು ನಿಮಿಷ ಹುಡುಕಿದರೆ ಸಿಗುತ್ತದೆ. ಬ್ಯಾಂಕಿನಲ್ಲಿ ರಾಶಿ ದುಡ್ಡಿದೆ ಅನ್ನುವ ಕಂಪನಿ ಮತ್ತೆ ಮತ್ತೆ ಸಾಲ ಎತ್ತುತ್ತಿದ್ದರೆ, ಅವಧಿ ಮುಗಿಯುವ ಮೊದಲೇ ಆಡಿಟರ್ ರಾಜೀನಾಮೆ ಕೊಟ್ಟರೆ, ನಾನಂತೂ ಕಾರಣ ತಿಳಿಯುವವರೆಗೆ ಆ ಷೇರಿನ ಕಡೆ ತಿರುಗಿ ನೋಡುವುದಿಲ್ಲ.

ಪ್ರಶ್ನೆ: ಇಷ್ಟಾದರೂ ಸತ್ಯಂ ಮುಚ್ಚಲಿಲ್ಲ ಯಾಕೆ?

ಉತ್ತರ: ಲೆಕ್ಕ ಸುಳ್ಳಾಗಿತ್ತು, ಕೆಲಸ ಸುಳ್ಳಾಗಿರಲಿಲ್ಲ. ಸುಮಾರು 53,000 ಉದ್ಯೋಗಿಗಳು, ಹಲವು ದೇಶಗಳಲ್ಲಿ ದೊಡ್ಡ ಗಿರಾಕಿಗಳು. ಸರ್ಕಾರವೂ ತಡಮಾಡಲಿಲ್ಲ. ಕೆಲವೇ ದಿನಗಳಲ್ಲಿ ಹಳೇ ಮಂಡಳಿಯನ್ನು ತೆಗೆದು ಆಗ ಎಚ್‌ಡಿಎಫ್‌ಸಿ ಅಧ್ಯಕ್ಷರಾಗಿದ್ದ ದೀಪಕ್ ಪಾರೇಖ್, ಸಾಫ್ಟ್‌ವೇರ್ ಕಂಪನಿಗಳ ಸಂಘ ನಾಸ್ಕಾಂನ ಹಿಂದಿನ ಅಧ್ಯಕ್ಷ ಕಿರಣ್ ಕಾರ್ಣಿಕ್ ಅಂಥವರನ್ನು ಕೂರಿಸಿತು. ಸಂಬಳ ನಿಲ್ಲದಂತೆ, ಗಿರಾಕಿಗಳು ಓಡದಂತೆ ನೋಡಿಕೊಳ್ಳುವುದೇ ಅವರ ಮೊದಲ ಕೆಲಸವಾಯಿತು. 2009ರ ಏಪ್ರಿಲಿನಲ್ಲಿ ಟೆಕ್ ಮಹೀಂದ್ರಾ ಷೇರಿಗೆ 58 ರೂಪಾಯಿ ಹೇಳಿ ಸತ್ಯಂ ಕೊಳ್ಳುವ ಬಿಡ್ ಗೆದ್ದಿತು, 2013ರಲ್ಲಿ ಎರಡೂ ವಿಲೀನವಾದವು. ರಾಜು ಮತ್ತು ಇತರ 9 ಮಂದಿಗೆ ಹೈದರಾಬಾದಿನ ವಿಶೇಷ ನ್ಯಾಯಾಲಯ 2015ರ ಏಪ್ರಿಲಿನಲ್ಲಿ 7 ವರ್ಷ ಶಿಕ್ಷೆ ಕೊಟ್ಟಿತು. ಮೇಲ್ಮನವಿ ಹಾಕಿದ ಅವರಿಗೆ ಮುಂದಿನ ತಿಂಗಳೇ ಜಾಮೀನು ಸಿಕ್ಕಿತು.