ಪ್ರತಿ: 35 ದಾಟಿದ ತಾರೆಯನ್ನು ಟ್ರೇಡ್ ಮಾಡಬೇಕೇ?

ಎನ್‌ಬಿಎ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ತಂಡ ವಯಸ್ಸಾದ ತಾರೆಯನ್ನು ಬಿಟ್ಟುಕೊಡಬೇಕೇ, ಉಳಿಸಿಕೊಳ್ಳಬೇಕೇ ಎಂದು ಕೇಳಿದ್ದೀರಿ. ಅವರ ವಯಸ್ಸಿಗಿಂತ ಮೊದಲು ಉಳಿದ ತಂಡವನ್ನು ನೋಡಿ. ಪ್ರಶಸ್ತಿ ಗೆಲ್ಲುವ ಬಲವಿಲ್ಲದಿದ್ದರೆ ಬಿಟ್ಟುಕೊಡುವುದೇ ಸರಿ, ಅದೂ ಬೇಗ.

2013ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ 35ರ ಪಾಲ್ ಪಿಯರ್ಸ್, 37ರ ಕೆವಿನ್ ಗಾರ್ನೆಟ್ ಇಬ್ಬರನ್ನೂ ಬ್ರೂಕ್ಲಿನ್ ನೆಟ್ಸ್‌ಗೆ ಕೊಟ್ಟಿತು. ಬದಲಿಗೆ ಪಡೆದದ್ದು 2014, 2016, 2018ರ ಮೊದಲ ಸುತ್ತಿನ ಡ್ರಾಫ್ಟ್ ಪಿಕ್‌ಗಳು (ಹೊಸ ಆಟಗಾರರನ್ನು ಆರಿಸುವ ಸರದಿ; ತಂಡ ಸೋತಷ್ಟೂ ಅದರ ಸರದಿ ಬೇಗ ಬರುವ ಸಾಧ್ಯತೆ ಹೆಚ್ಚು), ಜೊತೆಗೆ 2017ರಲ್ಲಿ ನೆಟ್ಸ್ ಜೊತೆ ಪಿಕ್ ಅದಲುಬದಲು ಮಾಡಿಕೊಳ್ಳುವ ಹಕ್ಕು. ಗುಟ್ಟಿರುವುದು ಈ ವರ್ಷಗಳಲ್ಲೇ. ಹಿರಿಯರನ್ನು ಕೊಳ್ಳುವ ತಂಡ ಮೂರು ವರ್ಷದಲ್ಲಿ ಕುಸಿಯುವ ಸಾಧ್ಯತೆ ಹೆಚ್ಚು, ಹಾಗಾಗಿ ದೂರದ ಪಿಕ್‌ಗೇ ಬೆಲೆ. ಅವುಗಳಿಂದಲೇ ಬಾಸ್ಟನ್‌ಗೆ ಈಗಿನ ಪೀಳಿಗೆಯ ತಾರೆಗಳಾದ ಜೇಲನ್ ಬ್ರೌನ್, ಜೇಸನ್ ಟೇಟಮ್ ಬಂದರು; 2024ರಲ್ಲಿ ಪ್ರಶಸ್ತಿಯೂ ಬಂತು. ಪಿಕ್‌ಗೆ 'ಪ್ರೊಟೆಕ್ಷನ್' ಷರತ್ತು (ಸರದಿ ತೀರಾ ಮುಂಚಿನದಾದರೆ ಕೊಟ್ಟ ತಂಡವೇ ಪಿಕ್ ಉಳಿಸಿಕೊಳ್ಳುವುದು) ಹಾಕಲು ಬಿಡಲೇಬೇಡಿ. ಎರಡೂ ಕಡೆ ಹೋಗುವ ಆಟಗಾರರ ಸಂಬಳ ಸರಿದೂಗಿಸಲು ಬೇಡದ ಆಟಗಾರನ ಒಪ್ಪಂದವೂ ಬರುತ್ತದೆ; ಬಾಸ್ಟನ್‌ಗೆ ಜೆರಾಲ್ಡ್ ವ್ಯಾಲೇಸ್ ಬಂದದ್ದು ಹಾಗೆಯೇ.

ಉಳಿಸಿಕೊಳ್ಳುವುದಾದರೆ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದ ದಾರಿ ಹಿಡಿಯಬೇಕು. 2012ರಲ್ಲಿ 36ರ ಟಿಮ್ ಡಂಕನ್ ಹಳೆಯ ಸಂಬಳದ ಅರ್ಧಕ್ಕಿಂತ ಕಡಿಮೆಗೆ ಸಹಿ ಹಾಕಿದರು. ಪಂದ್ಯಕ್ಕೆ ಸುಮಾರು 30 ನಿಮಿಷ ಆಟ, ಸತತ ಎರಡು ರಾತ್ರಿ ಪಂದ್ಯವಿದ್ದರೆ ಹಲವು ಸಲ ಒಂದಕ್ಕೆ ವಿಶ್ರಾಂತಿ. 2014ರಲ್ಲಿ 38ನೇ ವಯಸ್ಸಿನಲ್ಲಿ ಚಾಂಪಿಯನ್! ಸಂಬಳ ಇಳಿಸಲು, ನಿಮಿಷ ಬಿಟ್ಟುಕೊಡಲು ಆಟಗಾರ ಒಪ್ಪದಿದ್ದರೆ ಈ ದಾರಿ ನಡೆಯುವುದಿಲ್ಲ.